2010ರ ಸ್ವಿಫ್ಟ್ ಡೀಸೆಲ್‌ಗೆ ಗುಜರಿ ಎಂಜಿನ್: ಏನೇನು ನೋಡಿ ತರಬೇಕು?

ಸಿದ್ದಾಪುರ_ಕಾಫಿ
ಗಾಡಿ 2010ರ ಸ್ವಿಫ್ಟ್ ಡಿಡಿಐಎಸ್, ಕೆಎ-12. ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ ರಾಡ್ ಕ್ರ್ಯಾಂಕಿಗೆ ಸೇರುವಲ್ಲಿನದು) ತಿರುಗಿ ಕ್ರ್ಯಾಂಕ್ ಗೀರುಬಿದ್ದಿದೆ, ಆಯಿಲಲ್ಲಿ ಲೋಹದ ಪುಡಿ. ಇದನ್ನು ಕಟ್ಟುವ ಬದಲು ಸೆಕೆಂಡ್ ಹ್ಯಾಂಡ್ ಎಂಜಿನ್ನೇ ಹಾಕಿ ಅಂತಾರೆ ಗ್ಯಾರೇಜಿನವರು. ಬೆಂಗಳೂರಲ್ಲಿ ಇನ್ನೂ ಗಾಡಿಯೊಳಗೇ ಇರುವುದು ಒಂದು ಸಿಕ್ಕಿದೆ, ಮೈಸೂರಲ್ಲಿ ಕೆಳಗಿಳಿಸಿಟ್ಟ ರಿಟ್ಜ್ ಎಂಜಿನ್ ಒಂದು. ರಿಟ್ಜಿಂದು ಹೊಂದುತ್ತಾ? ಆರ್‌ಸಿಯಲ್ಲಿ ನಂಬರ್ ಬದಲಾಯಿಸಲೇಬೇಕಾ?

ಕುಶಾಲನಗರ_ಪಾನಾ
ರಿಟ್ಜ್, ಡಿಸೈರ್, ಸ್ವಿಫ್ಟ್ ಮೂರರದ್ದೂ 1248 ಸಿಸಿಯ ಅದೇ ಡಿ13ಎ ಎಂಜಿನ್. ಫಿಯೆಟ್ ಪುಂಟೊ, ಟಾಟಾ ವಿಸ್ಟಾದಲ್ಲಿ ಇರುವುದೂ ಇದೇ ಮನೆತನ, ಆದರೆ ಮೌಂಟು, ವೈರಿಂಗು ಬೇರೆ. ಅಗ್ಗಕ್ಕೆ ಸಿಕ್ಕಿತೆಂದು ಅದರ ಗೋಜಿಗೆ ಹೋಗಬೇಡಿ. ಎರ್ಟಿಗಾದ 90 ಪಿಎಸ್‌ನದೂ ಬೇಡ, ಟರ್ಬೊ ಬೇರೆ ಜಾತಿ. ಬಿಎಸ್-3, ಬಿಎಸ್-4 ಅಂತ ಹೊಗೆಯ ಮಟ್ಟ ಬೇರೆ ಬೇರೆ ಇರುವುದರಿಂದ ಇಜಿಆರ್ (ಹೊಗೆಯನ್ನು ಸ್ವಲ್ಪ ವಾಪಸ್ ಎಂಜಿನ್ನಿಗೆ ಬಿಡುವ ವಾಲ್ವ್) ಮತ್ತು ಸೆನ್ಸರ್ ಪ್ಲಗ್ಗುಗಳ ಫೋಟೊ ನಿಮ್ಮ ಗಾಡಿಯಿಂದ ತೆಗೆದುಕೊಂಡು ಹೋಗಿ, ಒಂದೊಂದೇ ಹೋಲಿಸಿ.

ನನ್ನ ಕೇಳಿದರೆ ಬೆಂಗಳೂರಿನದೇ ಮೊದಲು ನೋಡಿ. ಹಳೇ ಪಂಪಿನ ಡೀಸೆಲ್ ಎಂಜಿನ್ ಆದರೆ ನೆಲದ ಮೇಲಿಟ್ಟು, ಬ್ಯಾಟರಿ, ಒಂದು ಬಾಟ್ಲಿ ಡೀಸೆಲ್ ಕೊಟ್ಟು ಓಡಿಸಿ ನೋಡಬಹುದಿತ್ತು. ಇದು ಕಾಮನ್ ರೇಲ್, ಅಂದರೆ ಡೀಸೆಲ್ ಬಿಡೋದು ಕಂಪ್ಯೂಟರ್. ಆ ಕಂಪ್ಯೂಟರ್ (ಇಸಿಎಂ) ಮತ್ತು ಕೀ ಇಲ್ಲದೆ ಓಡಲ್ಲ, ಗಾಡಿಯೊಳಗೇ ಇದ್ದರೆ ಓಡಿಸಿ ನೋಡಬಹುದು.

ಹೋದ ಕೂಡಲೇ ಬ್ಲಾಕ್ ಮುಟ್ಟಿ ನೋಡಿ. ಬಿಸಿ ಇದ್ದರೆ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ, ಸಂಜೆ ಬರ್ತೀನಿ ಅನ್ನಿ. ಈ ಎಂಜಿನ್ನಿನ ಟೈಮಿಂಗ್ ಚೈನ್ ಸಡಿಲ ಆಗಿದ್ದರೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ಸೆಕೆಂಡಲ್ಲೇ ಬಲಗಡೆ ಗಲಗಲ ಅನ್ನುತ್ತೆ, ಬಿಸಿಯಾದ ಮೇಲೆ ಸುಮ್ಮನಾಗುತ್ತೆ. ಆಮೇಲೆ ಆಯಿಲ್ ಮುಚ್ಚಳ ಬಿಚ್ಚಿ ನೋಡಿ. ಹೊಗೆ ಬುಸುಬುಸು ಬಂದರೆ ಪಿಸ್ಟನ್ ರಿಂಗ್ ಹೋಗಿದೆ. ಟರ್ಬೊ ಶಾಫ್ಟ್ ಪಕ್ಕಕ್ಕೆ ಕೂದಲೆಳೆಯಷ್ಟು ಅಲುಗಿದರೆ ಪರವಾಗಿಲ್ಲ, ಹಿಂದೆ-ಮುಂದೆ ಆಡಬಾರದು.

ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡುವುದು ಗ್ಲೋ ಪ್ಲಗ್ ತೂತಿನಿಂದ, ಅಂದರೆ ತಣ್ಣಗಿನ ಎಂಜಿನ್ನಿಗೆ ಬಿಸಿ ಕೊಡುವ ಪ್ಲಗ್ಗಿನದು. 25ರಿಂದ 30 ಬಾರ್ ಬಂದರೆ ಒಳ್ಳೆಯದು. ಸಿಲಿಂಡರಿಂದ ಸಿಲಿಂಡರಿಗೆ 3 ಬಾರ್‌ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಬಿಟ್ಟುಬಿಡಿ. ಹಳೇ ಗ್ಲೋ ಪ್ಲಗ್ ಹೆಡ್ಡೊಳಗೇ ಮುರಿಯುತ್ತೆ, ಹಾಗಾಗಿ ಮಾರುವವರೇ ಬಿಚ್ಚಲಿ. ನೆಲದ ಮೇಲಿರುವ ಮೈಸೂರಿನದೇ ತಗೊಳ್ಳೋದಾದರೆ ಸಂಪ್ (ಕೆಳಗಿನ ಆಯಿಲ್ ತೊಟ್ಟಿ) ಬಿಚ್ಚಿಸದೆ ದುಡ್ಡು ಕೊಡಬೇಡಿ. ಸ್ಟ್ರೈನರ್ ಜಾಲರಿಯಲ್ಲಿ ಕರಿ ಗಸಿ ಕೂತಿದ್ದರೆ ನಿಮ್ಮ ಎಂಜಿನ್ ಸತ್ತ ಹಾಗೇ ಅದೂ ಸಾಯುತ್ತೆ. ಆಲ್ಟರ್ನೇಟರ್ ಸಂದಿಯಲ್ಲಿ ಒಣಗಿದ ಕೆಸರು, ರಿಂಗ್ ಗೇರ್ ಹಲ್ಲಿಗೆ ತುಕ್ಕು ಇದ್ದರೆ ನೆರೆ ನೀರಲ್ಲಿ ಮುಳುಗಿದ ಗಾಡಿಯದ್ದು.

ಮಡಿಕೇರಿ_ಫೈಲು
ನಂಬರ್ ಬದಲಾಯಿಸಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿ. ಮೊದಲು ಮಡಿಕೇರಿ ಆರ್‌ಟಿಓದಿಂದ ಅನುಮತಿ, ಎಂಜಿನ್ ಕೂರಿಸಿದ ಮೇಲೆ 14 ದಿನದೊಳಗೆ ಆರ್‌ಸಿ ಸಮೇತ ವರದಿ. ಸಾಲ ಬಾಕಿ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು. ಗುಜರಿಯವರಿಂದ ಎಂಜಿನ್ ನಂಬರ್ ಬರೆದ ಬಿಲ್, ಆ ಗಾಡಿಯ ಆರ್‌ಸಿ ನಕಲು ಎರಡೂ ತಗೊಳ್ಳಿ. 'ಬಿಲ್ ಆಮೇಲೆ ಕಳಿಸ್ತೀನಿ' ಅಂದರೆ ಕಳಿಸಲ್ಲ. ಕದ್ದ ಗಾಡಿಯದ್ದಾ ಅಂತ ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ) 'ವಾಹನ್ ಸಮನ್ವಯ್' ಆನ್‌ಲೈನ್ ಪಟ್ಟಿಯಲ್ಲಿ ಹುಡುಕಿ. 2010ರ ಗಾಡಿ ಅಂದರೆ 15 ವರ್ಷದ ಆರ್‌ಸಿ ರಿನ್ಯೂವಲ್ ಬೇರೆ ಇದೆ. ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿ ನೋಡಿದಾಗ ನಂಬರ್ ತಾಳೆಯಾಗದಿದ್ದರೆ ಅಲ್ಲೇ ನಿಲ್ಲುತ್ತೆ. ಇನ್ಶೂರೆನ್ಸಲ್ಲೂ ತಿದ್ದಿಸಿ.

ಸಂಪಾಜೆ_ಘಾಟಿ
ಎಲ್ಲ ಸರಿ ಮಾರಾಯ್ರೇ, ಆದರೆ ಹಳೇ ಎಂಜಿನ್ನಿಂದ ಯಾವುದನ್ನು ತೆಗೆದು ಹೊಸದಕ್ಕೆ ಹಾಕಬಾರದು ಅಂತ ಯಾರೂ ಹೇಳಲಿಲ್ಲ. ಲೋಹದ ಪುಡಿ ಆಯಿಲ್ ಜೊತೆ ಊರೆಲ್ಲ ತಿರುಗಿರುತ್ತೆ. ನಿಮ್ಮ ಟರ್ಬೊ, ಆಯಿಲ್ ಫಿಲ್ಟರ್ ಹೌಸಿಂಗಿಗೆ ಕೂತ ಆಯಿಲ್ ಕೂಲರ್ ಎರಡನ್ನೂ ಮುಟ್ಟಬೇಡಿ, ಬಂದ ಎಂಜಿನ್ನಿನದೇ ಇರಲಿ. ಟರ್ಬೊದಿಂದ ಬರುವ ಗಾಳಿ ತಣಿಸುವ ಇಂಟರ್‌ಕೂಲರ್ ಬಿಚ್ಚಿ ತೊಳೆದು ಒಣಗಿಸಿ. ಒಳಗೆ ಆಯಿಲ್ ನಿಂತಿದ್ದರೆ ಎಂಜಿನ್ ಅದನ್ನೇ ಎಳೆದು ಉರಿಸಿ ತಾನೇ ವೇಗ ಏರಿಸಿಕೊಂಡು ಹೋಗುತ್ತೆ, ಕೀ ತಿರುಗಿಸಿದರೂ ನಿಲ್ಲಲ್ಲ.

ಇಂಜೆಕ್ಟರ್ ಮಾತ್ರ ನಿಮ್ಮದೇ ಉಳಿಸಬಹುದು. ಅದರಲ್ಲಿ ಹರಿಯೋದು ಡೀಸೆಲ್, ಆಯಿಲ್ ಅಲ್ಲ. ಸೀಟಿನ ತಾಮ್ರದ ವಾಷರ್ ನಾಲ್ಕೂ ಹೊಸದು ಹಾಕಿ. ಅವರ ಇಂಜೆಕ್ಟರ್ ಇಟ್ಟುಕೊಂಡರೆ ಮೈಮೇಲಿನ ಕೋಡನ್ನು ಸ್ಕ್ಯಾನರಿನಲ್ಲಿ ಹಾಕಬೇಕಾಗಬಹುದು, ಕೇಳಿಕೊಳ್ಳಿ. ಇಸಿಎಂ ನಿಮ್ಮದೇ ಇರಲಿ, ಇಲ್ಲದಿದ್ದರೆ ಕೀ ತಗಾದೆ ಶುರು.

ಎಂಜಿನ್ ಹೊರಗಿರುವಾಗಲೇ ಚೈನ್ ಕಿಟ್, ಹಿಂದಿನ ಕ್ರ್ಯಾಂಕ್ ಸೀಲ್, ವಾಟರ್ ಪಂಪ್, ಥರ್ಮೋಸ್ಟಾಟ್, ಕ್ಲಚ್ ಸೆಟ್ ಮುಗಿಸಿ. ಗಾಡಿಯಲ್ಲಿದ್ದಾಗ ಚೈನ್ ಹಾಕೋದು ದೊಡ್ಡ ತಲೆನೋವು.

ಸಿದ್ದಾಪುರ_ಕಾಫಿ
ಮೊದಲ ಸ್ಟಾರ್ಟಿಗೆ ಮುಂಚೆ ಏನಾದರೂ ಮಾಡಬೇಕಾ?

ಕುಶಾಲನಗರ_ಪಾನಾ
ಇಂಜೆಕ್ಟರಿನ ವೈರ್ ಪ್ಲಗ್ ನಾಲ್ಕೂ ತೆಗೆದು, ಆಯಿಲ್ ದೀಪ ಆರುವವರೆಗೆ ಬರೀ ಸೆಲ್ಫ್ ಹೊಡೆಯಿರಿ. ಹತ್ತು ಹತ್ತು ಸೆಕೆಂಡ್, ಮಧ್ಯೆ ಸ್ಟಾರ್ಟರ್ ತಣಿಯಲು ಬಿಡುವು. ಇಲ್ಲದಿದ್ದರೆ ಒಣ ಟರ್ಬೊ ತಿರುಗುತ್ತೆ. ಕೂಲೆಂಟ್ ಗಾಳಿ ತೆಗೆದ ಮೇಲೆ ಸುಂಟಿಕೊಪ್ಪದಿಂದ ಮಡಿಕೇರಿ ಏರಿಸಿ ಟೆಂಪರೇಚರ್ ಮುಳ್ಳು ನೋಡಿ. ಮಾಮೂಲಿ ಜಾಗ ದಾಟಿ ಏರಿದರೆ ಇನ್ನೂ ಗಾಳಿ ಸಿಕ್ಕಿದೆ ಅಥವಾ ರೇಡಿಯೇಟರ್ ಕಟ್ಟಿದೆ. 500 ಕಿಮೀಗೆ ಆಯಿಲ್, ಫಿಲ್ಟರ್ ಎರಡೂ ಎಸೆಯಿರಿ. ಆ ಫಿಲ್ಟರನ್ನು ಎಸೆಯೋ ಮುಂಚೆ ಕೊಯ್ದು, ಕಾಗದದ ಮಡಿಕೆಯಲ್ಲಿ ಮಿನುಗು ಇದೆಯಾ ಅಂತ ಬಿಸಿಲಲ್ಲಿ ಹಿಡಿದು ನೋಡಿ.