ಮನೆಯ ಗುಂಪಿಗೆ ಬಂದ ಸೆಟಪ್ ಫೈಲು

ನಾನು (ಪುಣೆ), ಬೆಳಿಗ್ಗೆ 8:40
ತಮ್ಮ ನಿನ್ನೆ ಫೋನಿನಲ್ಲಿ ಕೇಳಿದ ಫೈಲನ್ನು ಜಿಪ್ ಮಾಡಿ ಇಲ್ಲಿಯೇ ಹಾಕಿದ್ದೇನೆ, ಉಳಿದವರಿಗೂ ಉಪಯೋಗವಾಗಬಹುದು. ಮಾರ್ಕೆಟ್ ಯಾರ್ಡಿನ ಬಳಿ ಇರುವ ನಮ್ಮ ಲೆಕ್ಕಪತ್ರದ ಕಚೇರಿಗೆ ಬೈಲಹೊಂಗಲ, ವಿಜಯಪುರ, ಸಾಂಗ್ಲಿ ಕಡೆಯ ಅಡತಿ ಅಂಗಡಿಗಳಿಂದ ಮುದ್ರಿತ ಪಟ್ಟಿಗಳು ಬರುತ್ತವೆ. ಅವುಗಳನ್ನು ಸ್ಕ್ಯಾನ್ ಮಾಡಿ ಕೊಟ್ಟರೆ ಅಲ್ಲಿನ ಕನ್ನಡ ಮತ್ತು ಮರಾಠಿ ಅಕ್ಷರಗಳನ್ನು ಓದಿ ಪಠ್ಯವಾಗಿ ಬದಲಿಸುವ ತಂತ್ರಾಂಶ ಇದು. ಓದುವ ಕೆಲಸವೆಲ್ಲ ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶದ್ದು, ಗುಂಡಿಗಳಿರುವ ಮೇಲಿನ ಕಿಟಕಿಯನ್ನು ಮಾತ್ರ ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದೇನೆ. ಸೆಟಪ್ ಒತ್ತಿದರೆ ಸಾಕು, ಬೇರೇನನ್ನೂ ಹಾಕಿಕೊಳ್ಳಬೇಕಾಗಿಲ್ಲ.

ತಮ್ಮ (ವಾಸ್ಕೋ), 8:52
ತುಂಬಾ ಉಪಕಾರವಾಯಿತು ಅಕ್ಕಾ. ಹುಬ್ಬಳ್ಳಿಯಿಂದ ಬರುವ ಲಾರಿಗಳ ಕಾಗದಪತ್ರಗಳನ್ನು ನಮ್ಮ ಕಚೇರಿಯಲ್ಲಿ ಇಂದಿಗೂ ಕೈಯಿಂದಲೇ ಟೈಪ್ ಮಾಡುತ್ತಿದ್ದೇವೆ. ಇವತ್ತೇ ನಾಲ್ಕು ಯಂತ್ರಗಳಿಗೆ ಹಾಕುತ್ತೇನೆ.

ಕಾಕಾ (ಕೋಥ್ರೂಡ್), 9:10
ಇವತ್ತು ಹಾಕಬೇಡ, ಸ್ವಲ್ಪ ತಡೆ. ಅವಳ ಕೆಲಸದ ಬಗ್ಗೆ ನನಗೆ ಅನುಮಾನವಿಲ್ಲ, ಆದರೆ ಒಳಗೇನಿದೆ ಎಂದು ಬರೆಯದ ಸೆಟಪ್ ಫೈಲನ್ನು 26 ಜನರಿರುವ ಗುಂಪಿಗೆ ಹಾಕಿದ್ದನ್ನು ನಾನು ಒಪ್ಪಲಾರೆ. ಲಿನಕ್ಸಿನ ಒಂದು ಬಗೆಯಾದ ಡೆಬಿಯನ್ ಇರುವ ನನ್ನ ಯಂತ್ರದಲ್ಲಿ ಟೆಸರಾಕ್ಟ್ ಕನ್ನಡ ಓದಬೇಕಾದರೆ ಅದರ ಕನ್ನಡ ಪ್ಯಾಕೇಜಿನ ಹೆಸರು ಹೇಳಿದರೆ ಮುಗಿಯಿತು. ಅದು ಅವಲಂಬಿಸಿರುವ ಉಳಿದ ಪ್ಯಾಕೇಜುಗಳನ್ನು ಅಲ್ಲಿನ ಆ್ಯಪ್ಟ್ ಎಂಬ ಸಾಧನ ತಾನೇ ತರುತ್ತದೆ, ಪ್ಯಾಕೇಜುಗಳ ಪಟ್ಟಿಯ ಮೇಲಿನ ಡಿಜಿಟಲ್ ಸಹಿ ಸರಿಯಿದೆಯೇ ಎಂದು ನೋಡುತ್ತದೆ, ಬೇಡವಾದಾಗ ತೆಗೆದುಹಾಕುತ್ತದೆ. 1993ರಲ್ಲಿ ಶುರುವಾದ ಆ ಯೋಜನೆಯಲ್ಲಿ ಪ್ರತಿ ಪ್ಯಾಕೇಜಿನ ಮೇಲೂ ಅದನ್ನು ನೋಡಿಕೊಳ್ಳುವವರ ಹೆಸರು ಇರುತ್ತದೆ. ನಿನ್ನ ಫೈಲಿನ ಮೇಲೆ ಯಾರ ಹೆಸರಿದೆ, ಯಾವ ಆವೃತ್ತಿ, ಯಾವ ಪರವಾನಗಿ?

ನಾನು, 9:48
ಕಾಕಾ, ಹೆಸರು, ಆವೃತ್ತಿ ಮತ್ತು ಪರವಾನಗಿ ಬರೆಯದಿದ್ದುದು ನನ್ನ ತಪ್ಪು, ಅದನ್ನು ಸರಿಪಡಿಸುತ್ತೇನೆ. ಆದರೆ ಎಲ್ಲವನ್ನೂ ಒಂದೇ ಕಟ್ಟಿನಲ್ಲಿ ಇಟ್ಟದ್ದು ತಪ್ಪೆಂದು ಒಪ್ಪುವುದಿಲ್ಲ, ಏಕೆಂದರೆ ಕಟ್ಟಿಲ್ಲದೆ ಕೊಟ್ಟು ನೋಡಿದ ಮೇಲೆಯೇ ನಾನು ಈ ದಾರಿಗೆ ಬಂದದ್ದು.

ಮೊದಲ ಸಲ ಸಹೋದ್ಯೋಗಿಗಳಿಗೆ ಒಂದು ಪುಟದ ಸೂಚನೆಯನ್ನು ಕೊಟ್ಟೆ: ಪೈಥಾನ್ ಹಾಕಿ, ಟೆಸರಾಕ್ಟ್ ಹಾಕಿ, ಹಾಕುವಾಗ ಕನ್ನಡ ಮತ್ತು ಮರಾಠಿಯ ಗುರುತುಗಳನ್ನು ಮರೆಯದೆ ಒತ್ತಿ, ಆಮೇಲೆ ಪಾಥ್ (ತಂತ್ರಾಂಶ ಯಾವ ಫೋಲ್ಡರಿನಲ್ಲಿದೆ ಎಂದು ವಿಂಡೋಸಿಗೆ ಹೇಳುವ ಸೆಟ್ಟಿಂಗ್) ಸರಿಪಡಿಸಿ. ನಮ್ಮಲ್ಲಿರುವ 11 ಯಂತ್ರಗಳೂ ವಿಂಡೋಸಿನವು, ಅಡ್ಮಿನ್ ಪಾಸ್‌ವರ್ಡ್ ಬಳಸುವವರ ಕೈಯಲ್ಲಿಲ್ಲ, ಭಾಷೆಯ ಕಡತಗಳನ್ನು ತರುವ ಜಾಲತಾಣ ಕಚೇರಿಯ ನೆಟ್‌ವರ್ಕಿನಲ್ಲಿ ತೆರೆಯುವುದಿಲ್ಲ. ಇಬ್ಬರು ಮಾತ್ರ ಕೊನೆಯವರೆಗೆ ಬಂದರು. ಅವರಲ್ಲಿ ಒಬ್ಬರ ಯಂತ್ರದಲ್ಲಿ ಟೆಸರಾಕ್ಟಿನ ಮೂರನೆಯ ಆವೃತ್ತಿ ಮೊದಲೇ ಇತ್ತು. ಭಾಷೆಯ ಕಡತಗಳು ಎಲ್ಲಿವೆ ಎಂದು ಹೇಳುವ ಸೆಟ್ಟಿಂಗ್ ಆ ಆವೃತ್ತಿಯಲ್ಲಿ ಆ ಕಡತಗಳಿರುವ ಟೆಸ್‌ಡೇಟಾ ಫೋಲ್ಡರಿನ ಮೇಲಿನ ಫೋಲ್ಡರನ್ನು ತೋರಿಸಬೇಕು, ನಾಲ್ಕನೆಯದರಿಂದ ಮುಂದೆ ಟೆಸ್‌ಡೇಟಾವನ್ನೇ ತೋರಿಸಬೇಕು. ಈ ಒಂದು ಮೆಟ್ಟಿಲಿನ ವ್ಯತ್ಯಾಸಕ್ಕೆ ಕನ್ನಡದ ಕಡತ ಎದುರಿಗಿದ್ದರೂ ತಂತ್ರಾಂಶ ಇಲ್ಲವೆನ್ನುತ್ತಿತ್ತು, ಮತ್ತು ಅದನ್ನು ಕಂಡುಹಿಡಿಯಲು ನನ್ನ ಎರಡು ಸಂಜೆಗಳು ಹೋದವು.

ಅನಂತರ ಪೈಥಾನ್ ತಂತ್ರಾಂಶವನ್ನು ಅದಕ್ಕೆ ಬೇಕಾದದ್ದರ ಜೊತೆ ಕಟ್ಟುವ ಪೈಇನ್‌ಸ್ಟಾಲರಿನಿಂದ ಎಲ್ಲವನ್ನೂ ಒಂದೇ ಫೈಲಾಗಿ ಮಾಡಿದೆ. ಆ ಬಗೆಯ ಫೈಲು ತೆರೆದ ಪ್ರತಿ ಸಲವೂ ಒಳಗಿನದನ್ನೆಲ್ಲ ತಾತ್ಕಾಲಿಕ ಫೋಲ್ಡರಿಗೆ ಬಿಚ್ಚಿಕೊಂಡು ಓಡುತ್ತದೆ, ಆದ್ದರಿಂದ ನಿಧಾನ. ಮೇಲಾಗಿ ಆಂಟಿವೈರಸ್ ಅದನ್ನು ಅನುಮಾನದಿಂದ ಅಳಿಸಿಹಾಕಿತು. ಕೊನೆಗೆ ಫೋಲ್ಡರಾಗಿಯೇ ಕಟ್ಟಿ, ಸೆಟಪ್ ಫೈಲು ತಯಾರಿಸುವ ಇನ್ನೊ ಸೆಟಪ್‌ನಲ್ಲಿ ಕನಿಷ್ಠ ಅಧಿಕಾರದ ಆಯ್ಕೆಯನ್ನು ಬರೆದೆ. ಈಗ ಅದು ಬಳಸುವವರ ಸ್ವಂತ ಫೋಲ್ಡರಿನಲ್ಲಿ ಕೂರುತ್ತದೆ, ಅಡ್ಮಿನ್ ಪಾಸ್‌ವರ್ಡ್ ಕೇಳುವುದಿಲ್ಲ, ಅನ್‌ಇನ್‌ಸ್ಟಾಲ್ ಮಾಡಿದರೆ ತಾನು ತಂದದ್ದನ್ನು ತಾನೇ ತೆಗೆದುಕೊಂಡು ಹೋಗುತ್ತದೆ. ನಿಮ್ಮ ಡೆಬಿಯನ್‌ನಲ್ಲಿ ಸಾವಿರಾರು ಜನ ಸೇರಿ ಮಾಡಿಟ್ಟ ವ್ಯವಸ್ಥೆ ನಮ್ಮ ಕಚೇರಿಯಲ್ಲಿ ಇಲ್ಲ. 1985ರಿಂದ 1994ರವರೆಗೆ ಎಚ್‌ಪಿಯ ಪ್ರಯೋಗಾಲಯದಲ್ಲಿ ಬೆಳೆದು, 2005ರಲ್ಲಿ ಎಲ್ಲರಿಗೂ ಮುಕ್ತವಾದ ತಂತ್ರಾಂಶವೊಂದು ನನ್ನ ಪಕ್ಕದ ಮೇಜಿನವರಿಗೆ ದಕ್ಕದೆ ಹೋಗುವುದು ಪಾಥ್ ಸರಿಪಡಿಸಲು ಬಾರದೆಂಬ ಕಾರಣಕ್ಕಾದರೆ, ಆ ಮುಕ್ತತೆಯಿಂದ ಅವರಿಗೇನು ಬಂತು?

ವೈನಿ (ದಾದರ್), 10:15
ನಾನು ಆಗಲೇ ವಾಟ್ಸಾಪ್ ವೆಬ್‌ನಿಂದ ಇಳಿಸಿ ಆಫೀಸಿನ ಲ್ಯಾಪ್‌ಟಾಪಿನಲ್ಲಿ ಹಾಕಿಬಿಟ್ಟೆ. ವಿಂಡೋಸ್ ನಿಮ್ಮ ಪಿಸಿಯನ್ನು ರಕ್ಷಿಸಿದೆ ಎಂಬ ನೀಲಿ ಕಿಟಕಿ ಬಂತು. ಅದರಲ್ಲಿ ಮುಂದುವರಿಯುವ ಗುಂಡಿ ಕಾಣಲಿಲ್ಲ, ಹೆಚ್ಚಿನ ಮಾಹಿತಿ ಎಂಬಲ್ಲಿ ಒತ್ತಿದ ಮೇಲೆ ಕಂಡಿತು, ಒತ್ತಿದೆ. ಹಾಗೆ ಒತ್ತಬಾರದಿತ್ತೆ?

ಕಾಕಾ, 10:31
ನಾನು ಹೆದರಿದ್ದು ಇದಕ್ಕೇ. ನಮ್ಮವಳು ಕಳಿಸಿದಳೆಂಬ ನಂಬಿಕೆಯ ಮೇಲೆ ಎಚ್ಚರಿಕೆಯನ್ನು ದಾಟುವುದು ಒಮ್ಮೆ ಅಭ್ಯಾಸವಾದರೆ, ನಾಳೆ ಅವಳ ಹೆಸರಿನಲ್ಲಿ ಬೇರೆ ಯಾರೋ ಕಳಿಸಿದ ಫೈಲಿಗೂ ಕೈ ಹಾಗೆಯೇ ಹೋಗುತ್ತದೆ.

ನಾನು, 10:44
ವೈನಿ, ತಪ್ಪು ನಿಮ್ಮದಲ್ಲ. ಕಚೇರಿಯಲ್ಲಿ ಒಬ್ಬರಿಗೂ ಆ ನೀಲಿ ಕಿಟಕಿ ಕಾಣಿಸಿರಲಿಲ್ಲ, ಆದ್ದರಿಂದ ನನಗೂ ಹೊಳೆಯಲಿಲ್ಲ. ಅವರು ಒಳಗಿನ ಶೇರ್ಡ್ ಫೋಲ್ಡರಿನಿಂದ ತೆಗೆದುಕೊಂಡರು. ನೀವು ಬ್ರೌಸರಿನಿಂದ ಇಳಿಸಿದಿರಿ, ಇಂಟರ್ನೆಟ್ಟಿನಿಂದ ಬಂದ ಫೈಲೆಂಬ ಗುರುತು ಅದರ ಮೇಲೆ ಬಿತ್ತು, ಡಿಜಿಟಲ್ ಸಹಿ ಇಲ್ಲದ ಅಪರಿಚಿತ ಫೈಲೆಂದು ವಿಂಡೋಸ್ ತಡೆಯಿತು. ಫೈಲು ಒಂದೇ ಆದರೂ ಬಂದ ದಾರಿ ಬದಲಾದಾಗ ಅದು ನಡೆದುಕೊಳ್ಳುವ ರೀತಿಯೂ ಬದಲಾಗುತ್ತದೆಂದು ನಾನು ಯೋಚಿಸಬೇಕಿತ್ತು. ಸಹಿಯ ಪ್ರಮಾಣಪತ್ರ ಕೊಳ್ಳುವುದು ನನಗೆ ಸುಲಭವಲ್ಲ; ಅದಕ್ಕೆ ವರ್ಷವರ್ಷವೂ ಹಣ ಕೊಡಬೇಕು, 2023ರ ಜೂನ್‌ನಿಂದ ಅದರ ಖಾಸಗಿ ಕೀಲಿಯನ್ನು ಪ್ರತ್ಯೇಕ ಹಾರ್ಡ್‌ವೇರ್ ಸಾಧನದಲ್ಲಿಯೇ ಇಡಬೇಕೆಂಬ ನಿಯಮವೂ ಬಂದಿದೆ.

ಕಾಕಾ, 11:05
ಇನ್ನೊಂದು ಮಾತು ಕೇಳುತ್ತೇನೆ. ಕಿಟಕಿಯನ್ನು ಪೈಕ್ಯೂಟಿ ಎಂಬ ಪೈಥಾನ್ ಸಾಧನದಿಂದ ಮಾಡಿದ್ದೀಯಲ್ಲವೆ?

ನಾನು, 11:07
ಹೌದು ಕಾಕಾ.

ಕಾಕಾ, 11:26
ಹಾಗಾದರೆ ಕೇಳು. ಹಣ ಕೊಟ್ಟು ಪರವಾನಗಿ ಪಡೆಯದವರಿಗೆ ಪೈಕ್ಯೂಟಿ ಸಿಗುವುದು ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಮೂರನೆಯ ಆವೃತ್ತಿಯ ಅಡಿಯಲ್ಲಿ. ಕಚೇರಿಯೊಳಗೆ 11 ಯಂತ್ರಗಳಿಗೆ ಹಾಕಿದ್ದು ಹಂಚಿಕೆಯಲ್ಲ, ಒಂದೇ ಸಂಸ್ಥೆ ತನಗಾಗಿ ಮಾಡಿಕೊಂಡ ಪ್ರತಿಗಳು ಎಂದೇ ಆ ಪರವಾನಗಿಯನ್ನು ಬರೆದ ಪ್ರತಿಷ್ಠಾನವೂ ಹೇಳುತ್ತದೆ. ಇಂದು ಬೆಳಿಗ್ಗೆ ನೀನು ಈ ಗುಂಪಿಗೆ ಹಾಕಿದ ಕ್ಷಣದಲ್ಲಿ ಅದು ಆ ಸಂಸ್ಥೆಯ ಹೊರಗೆ ಬಂತು, ಹಂಚಿಕೆಯಾಯಿತು. ಪಡೆದವರಿಗೆ ಸೋರ್ಸ್ ಕೋಡ್, ಅಂದರೆ ತಂತ್ರಾಂಶವನ್ನು ಬರೆದ ಮೂಲ ಸಾಲುಗಳು, ಸಿಗಬೇಕು, ಅದರಿಂದ ಮತ್ತೆ ಕಟ್ಟಿಕೊಳ್ಳಲು ಬೇಕಾದ ಸ್ಕ್ರಿಪ್ಟುಗಳೂ ಸಿಗಬೇಕು. ಟೆಸರಾಕ್ಟಿನದು ಅಪಾಚೆ ಪರವಾನಗಿ. ಅದು ಇಷ್ಟು ಕೇಳುವುದಿಲ್ಲ, ಆದರೆ ಪರವಾನಗಿಯ ಪ್ರತಿಯನ್ನು ಜೊತೆಗಿಡಲು ಹೇಳುತ್ತದೆ.

ಮಾಮಾ (ಮುಲುಂಡ್), 11:40
ಅಕ್ಕ ತಮ್ಮನಿಗೆ ಕೊಟ್ಟ ಫೈಲಿಗೆ ಇಷ್ಟೆಲ್ಲ ಕಾನೂನು ಬೇಕೆ? ಯಾರು ಬಂದು ದಾವೆ ಹೂಡುತ್ತಾರೆ?

ಕಾಕಾ, 11:58
ದಾವೆಯ ಮಾತನ್ನು ನಾನು ಆಡುತ್ತಿಲ್ಲ. ವಾಸ್ಕೋದ ಕಚೇರಿಯ ನಾಲ್ವರು ಆರು ತಿಂಗಳು ಇದರ ಮೇಲೆಯೇ ಕೆಲಸ ಮಾಡಿದರು ಎಂದುಕೊಳ್ಳಿ. ಆಮೇಲೆ ಒಂದು ದಿನ ಲಾರಿ ಕಾಗದಗಳ ನಮೂನೆ ಬದಲಾಯಿತು, ಕಿಟಕಿಯಲ್ಲಿ ಎರಡು ಸಾಲು ತಿದ್ದಬೇಕಾಯಿತು, ಆದರೆ ಆಗ ಇವಳು ಈ ಕೆಲಸವನ್ನೇ ಬಿಟ್ಟು ಬೇರೆ ಕಡೆ ಸೇರಿದ್ದಳು. ಸೋರ್ಸ್ ಇದ್ದರೆ ಇವನು ಗೋವಾದಲ್ಲಿಯೇ ಯಾರಿಂದಲಾದರೂ ತಿದ್ದಿಸಿಕೊಳ್ಳುತ್ತಾನೆ, ಇಲ್ಲದಿದ್ದರೆ ನಾಲ್ವರೂ ಮತ್ತೆ ಕೈಯಿಂದ ಟೈಪ್ ಮಾಡಲು ಕೂರುತ್ತಾರೆ.

ನಾನು, ಮಧ್ಯಾಹ್ನ 12:35
ಕಾಕಾ, ಇದನ್ನು ಪೂರ್ತಿಯಾಗಿ ಒಪ್ಪುತ್ತೇನೆ, ಬೆಳಿಗ್ಗೆ ಹಾಕಿದ ಫೈಲನ್ನು ಎಲ್ಲರಿಗೂ ಅಳಿಸಿದ್ದೇನೆ. ಆಗಲೇ ಇಳಿಸಿಕೊಂಡವರ ಬಳಿ ಅದು ಉಳಿದಿರುತ್ತದೆ, ಆದ್ದರಿಂದ ವೈನಿ, ದಯವಿಟ್ಟು ಕಂಟ್ರೋಲ್ ಪ್ಯಾನೆಲಿನಿಂದ ಅನ್‌ಇನ್‌ಸ್ಟಾಲ್ ಮಾಡಿ. ಪೈಕ್ಯೂಟಿಯಿಂದ ಅದೇ ಕೆಲಸ ಮಾಡುವ ಪೈಸೈಡಿಗೆ ಬದಲಾಯಿಸಿದರೆ ಎಲ್‌ಜಿಪಿಎಲ್ ಎಂಬ ಸಡಿಲ ಪರವಾನಗಿ ಸಾಕಾಗುತ್ತದೆ ಎಂಬುದು ನನಗೆ ಗೊತ್ತು, ಆದರೆ ಬದಲಾಯಿಸುವುದಿಲ್ಲ. ಜಿಪಿಎಲ್ ಅಡಿಯಲ್ಲಿಯೇ ಇರಲಿ, ಸೋರ್ಸ್ ಜೊತೆಗೆ ಬರಲಿ. ಹೊಸ ಜಿಪ್‌ನಲ್ಲಿ ನನ್ನ ಕೋಡ್, ಕಟ್ಟಿನೊಳಗೆ ಏನೇನು ಸೇರಬೇಕೆಂದು ಪೈಇನ್‌ಸ್ಟಾಲರಿಗೆ ಹೇಳುವ ಸ್ಪೆಕ್ ಕಡತ, ಇನ್ನೊ ಸೆಟಪ್‌ನ ಸ್ಕ್ರಿಪ್ಟ್, ಎರಡೂ ಪರವಾನಗಿಗಳ ಪ್ರತಿ ಮತ್ತು ಒಳಗಿರುವ ಪ್ರತಿ ಭಾಗದ ಆವೃತ್ತಿಯನ್ನು ಬರೆದ ಓದುಪುಟ ಇರುತ್ತವೆ. ಆದರೆ ಸೆಟಪ್ ಫೈಲು ಉಳಿಯಲೇಬೇಕು. ಸೋರ್ಸ್ ಕೊಟ್ಟು ಕಟ್ಟಿಕೊಳ್ಳಿ ಎಂದರೆ ನಮ್ಮ ಕಚೇರಿಯ ಹಿರಿಯ ಗುಮಾಸ್ತರಿಗೆ ನಾನು ಏನನ್ನೂ ಕೊಟ್ಟಂತಾಗುವುದಿಲ್ಲ.

ತಮ್ಮ, 12:50
ಅಕ್ಕಾ, ನೀನು ಹೊಸ ಆವೃತ್ತಿ ಕಳಿಸಿದಾಗ ಹಳೆಯದನ್ನು ಮೊದಲು ತೆಗೆಯಬೇಕೆ? ಬಂದ ಫೈಲು ನಿನ್ನದೇ ಎಂದು ಗುರುತಿಸುವುದು ಹೇಗೆ?

ನಾನು, 1:20
ತೆಗೆಯಬೇಕಾಗಿಲ್ಲ. ಇನ್ನೊ ಸೆಟಪ್‌ನ ಸ್ಕ್ರಿಪ್ಟಿನಲ್ಲಿ ಆ್ಯಪ್‌ಐಡಿ ಎಂಬ ಗುರುತನ್ನು ಬದಲಾಯಿಸದೆ ಇಟ್ಟಿದ್ದೇನೆ, ಆದ್ದರಿಂದ ಹೊಸದು ಹಳೆಯದರ ಜಾಗದಲ್ಲಿಯೇ ಕೂರುತ್ತದೆ. ಎರಡನೆಯ ಪ್ರಶ್ನೆಗೆ, ಕಮಾಂಡ್ ಕಿಟಕಿಯಲ್ಲಿ ವಿಂಡೋಸಿನದೇ ಆದ ಸರ್ಟ್‌ಯುಟಿಲ್‌ನಿಂದ ಫೈಲಿನ ಎಸ್‌ಎಚ್‌ಎ-256 ಮೊತ್ತ (ಫೈಲಿನ ಬೆರಳಚ್ಚಿನಂಥದು) ತೆಗೆದರೆ 64 ಅಕ್ಷರಗಳು ಬರುತ್ತವೆ, ಅವನ್ನು ನಾನು ಕೊಟ್ಟ ಅಕ್ಷರಗಳೊಂದಿಗೆ ಹೋಲಿಸು.

ಕಾಕಾ, 1:34
ಆ 64 ಅಕ್ಷರಗಳನ್ನು ಫೈಲಿನ ಜೊತೆಗೆ ಇದೇ ಗುಂಪಿನಲ್ಲಿ ಹಾಕಬೇಡ. ಫೈಲನ್ನು ಬದಲಾಯಿಸಬಲ್ಲವನು ಅದರ ಪಕ್ಕದ ಅಕ್ಷರಗಳನ್ನೂ ಬದಲಾಯಿಸಬಲ್ಲ. ಅವನ್ನು ಫೋನಿನಲ್ಲಿ ಓದಿ ಹೇಳು. ಈ ಭಾನುವಾರ ನಾನೂ ನಿನ್ನ ಸೋರ್ಸಿನಿಂದ ಕಟ್ಟಿ ನೋಡುತ್ತೇನೆ. ಪೈಇನ್‌ಸ್ಟಾಲರ್ ವಿಂಡೋಸಿನ ಕಟ್ಟನ್ನು ವಿಂಡೋಸಿನಲ್ಲಿ ಮಾತ್ರ ಮಾಡುತ್ತದೆ, ಆದ್ದರಿಂದ ಮಗಳ ಲ್ಯಾಪ್‌ಟಾಪ್ ಬೇಕಾಗುತ್ತದೆ.

ಕಾಕಾ, ಭಾನುವಾರ ಸಂಜೆ 5:15
ಹೊಸ ಜಿಪ್ ಬಿಚ್ಚಿ ಕಟ್ಟಿದೆ. ಕಿಟಕಿ ತೆರೆಯಿತು, ಮರಾಠಿ ಪಟ್ಟಿಯನ್ನು ಚೆನ್ನಾಗಿ ಓದಿತು. ಆದರೆ ಕನ್ನಡಕ್ಕೆ ಬಂದಾಗ ನಿಂತಿತು, ಏಕೆಂದರೆ ಕನ್ನಡದ ಕಡತ ಸೋರ್ಸ್ ಫೋಲ್ಡರಿನಲ್ಲಿ ಇಲ್ಲ, ನಿನ್ನ ಯಂತ್ರದ ಬೇರೆ ಜಾಗದಿಂದ ಅದನ್ನು ತೆಗೆದುಕೊಳ್ಳುವಂತೆ ಸ್ಪೆಕ್ ಕಡತದಲ್ಲಿ ಬರೆದಿದ್ದೀಯ; ಆ ಸಾಲನ್ನು ತೆಗೆದ ಮೇಲೆಯೇ ಕಟ್ಟಲು ಆದದ್ದು. ಭಾಷೆಯ ಕಡತಗಳಲ್ಲಿ ನೀನು ಬಳಸಿದ್ದು ವೇಗದ ಮಾದರಿಯೋ, ನಿಧಾನವಾಗಿ ಹೆಚ್ಚು ಸರಿಯಾಗಿ ಓದುವ ಮಾದರಿಯೋ ಎಂಬುದೂ ಓದುಪುಟದಲ್ಲಿ ಇಲ್ಲ.

ನಾನು, 5:32
ವೇಗದ ಮಾದರಿ, ಕಾಕಾ. ಕಚೇರಿಯ ಯಂತ್ರಗಳು ಹಳೆಯವು, ಇನ್ನೊಂದನ್ನು ಹಾಕಿದರೆ ಒಂದು ಪಟ್ಟಿಗೆ ಬಹಳ ಹೊತ್ತು ಹಿಡಿಯುತ್ತದೆ. ಕಡತವನ್ನು ಈಗಲೇ ಸೋರ್ಸ್ ಫೋಲ್ಡರಿಗೆ ಸೇರಿಸಿ ಓದುಪುಟವನ್ನು ತಿದ್ದುತ್ತೇನೆ. ತಮ್ಮಾ, ಕಾಕಾ ಇನ್ನೊಮ್ಮೆ ಕಟ್ಟಿ ನೋಡಿ ಹೇಳುವವರೆಗೆ ನಾಲ್ಕು ಯಂತ್ರಗಳಲ್ಲಿ ಒಂದಕ್ಕೂ ಹಾಕಬೇಡ.