‘ಪೇರೆಂಟಿಂಗ್’ಗೆ ನಮ್ಮ ಕಡೆ ಏನಂತೀರಿ: ಜೋಪಾನವೋ, ಜತನವೋ?

ಎಲ್ಲರಿಗೂ ನಮಸ್ಕಾರ. ಹಾನಗಲ್ಲ ಕಡೆಯ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಕೂಸು ಹುಟ್ಟಿದ ಮನೆಗೆ ಹೋದಾಗ ಕೊಡಲಿಕ್ಕೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಚೊಚ್ಚಲ ಕೂಸಿನ ಅಪ್ಪ ಅವ್ವ ಇಬ್ಬರೂ ಓದಬೇಕು. ಹೆಸರಿಗೆ ಒಂದು ಪದ ಬೇಕಾಗಿದೆ.

ಕರಡಿನಲ್ಲಿ ‘ಪೋಷಕರ ಶಿಕ್ಷಣ’ ಅಂತಿದೆ. ಓದಿದವರು ಶಾಲೆಯ ವಿಷಯ ಅಂದುಕೊಳ್ಳುತ್ತಾರೆ, ಅದಕ್ಕೂ ನಮ್ಮಲ್ಲಿ ‘ಪಾಲಕರು’ ಅನ್ನೋದೇ ಜಾಸ್ತಿ. ‘ಸಾಕಣೆ’ ಅಂದರೆ ಕೋಳಿ, ಕುರಿ ಕಣ್ಮುಂದೆ ಬರುತ್ತವೆ. ‘ಬಾಣಂತನ’ ಎಲ್ಲರ ಬಾಯಲ್ಲಿರುವ ಮಾತು, ಆದರೆ ಅದು ತವರಿನವರು ಮಾಡುವ ಆರೈಕೆ, ಅಪ್ಪನಾದವನಿಗೆ ಅದರಲ್ಲಿ ಜಾಗವೇ ಇಲ್ಲ, ಅಲ್ವಾ? ಚೊಚ್ಚಲ ಹೆರಿಗೆ ಸಾಮಾನ್ಯವಾಗಿ ತವರಲ್ಲೇ, ಅವನು ನಡುನಡುವೆ ಬಂದು ಕೂಸಿನ ಮುಖ ನೋಡಿ ಹೋಗುತ್ತಾನೆ.

ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಆಶಾ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಕೂಸನ್ನು ಜೋಳಿಗೆಯಲ್ಲಿ ಮಲಗಿಸಿ ತೂಕ ನೋಡುತ್ತಾರೆ, ಕಂಕುಳಲ್ಲಿ ಥರ್ಮಾಮೀಟರ್ ಇಡುತ್ತಾರೆ, ಹೊಟ್ಟೆಯ ಏರಿಳಿತ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಾರೆ. ಮತ್ತೊಮ್ಮೆ ಎಣಿಸಿದರೂ 60 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇದು ಅಪ್ಪನಿಗೂ ಗೊತ್ತಿರಲೇಬೇಕು. ರಾತ್ರಿ ಗಾಡಿ ಹೊಂದಿಸುವವನು ಅವನೇ ತಾನೆ.

ಹಾಗಾಗಿ ನನ್ನ ಮನಸ್ಸು ‘ಕೂಸಿನ ಜೋಪಾನ’ದ ಕಡೆ. ‘ಜ್ವಾಪಾನ ಮಾಡ್ರಿ’ ಅಂತ ಯಾರಿಗೆ ಬೇಕಾದರೂ ಹೇಳಬಹುದು, ಹೆಣ್ಣು ಗಂಡು ಅಂತಿಲ್ಲ. ‘ಜತನ’ವೂ ಚಂದದ ಮಾತೇ, ಆದರೆ ಬಿತ್ತನೆ ಬೀಜ, ಬಂಗಾರ, ಹಳೇ ಕಾಗದಪತ್ರ ಎಲ್ಲಕ್ಕೂ ಅದೇ ಬರುತ್ತದೆ. ಎತ್ತಿಡುವ ಅರ್ಥ ಅದರಲ್ಲಿ ಜಾಸ್ತಿ ಅನಿಸುತ್ತದೆ, ಬೆಳೆಸುವ ಅರ್ಥ ಕಡಿಮೆ.

‘ಗೃಹಭೇಟಿ’ಯೂ ನನಗೆ ಸರಿಬರುತ್ತಿಲ್ಲ. ಸುಮ್ನೆ ತಪಾಸಣೆಗೆ ಬಂದ ಹಾಗೆ ಕೇಳಿಸುತ್ತದೆ. ಮನೆಯವರು ‘ಆಶಾ ಅಕ್ಕ ಕೂಸು ನೋಡಾಕ ಬಂದಾಳ’ ಅಂತಾರೆ, ಕುಲಾವಿ ಹಿಡಿದು ಬರುವ ಬೀಗರಿಗೂ ಅದೇ ಮಾತು. ಕೈಪಿಡಿಯಲ್ಲೂ ಆ ಮಾತನ್ನೇ ಇಟ್ಟುಬಿಡಬಹುದೇ?

ಗದಗ, ನವಲಗುಂದ ಕಡೆಯವರು ದಯವಿಟ್ಟು ಹೇಳಿ. ನಿಮ್ಮ ಮನೆಗಳಲ್ಲಿ ‘ಜೋಪಾನ’ ಎಳೆಗೂಸಿಗೆ ಬಳಕೆಯಲ್ಲಿದೆಯೇ, ಅಥವಾ ‘ಜ್ವಾಕಿ’ ಅನ್ನೋದೇ ಹೆಚ್ಚೋ? ಕೂಸು ಎತ್ತಿಕೊಳ್ಳೋದು, ಎರೆಯೋದು, ಹಾಲು ಕುಡಿಸೋದನ್ನು ಹಿರಿಯರು ಹೊಸಬರಿಗೆ ಕಲಿಸುವುದಕ್ಕೆ ‘ಹೇಳಿಕೊಡು’ ಬಿಟ್ಟು ಬೇರೆ ಮಾತಿದೆಯೇ?