ಯಾರ ಸಹಾಯವೂ ಇಲ್ಲದೆ

ಶನಿವಾರ ಬೆಳಿಗ್ಗೆ 5:40ಕ್ಕೆ ನಮ್ಮ ‘ಅಜ್ಜನಮನೆ’ ಗುಂಪಿಗೆ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದರು. ಸಂಜೆ ಬಿಸಿಲಿನಲ್ಲಿ ಸಾಲಾಗಿ ಹೊರಟ ಕಮಾನು ಗಾಡಿಗಳ ಚಿತ್ರ. ಕೆಳಗೆ ಬರಹ: “ಅಮೆರಿಕ ಹೇಗೆ ದೊಡ್ಡದಾಯಿತು ಗೊತ್ತಾ? ಯಾರ ಸಹಾಯವೂ ಇಲ್ಲದೆ, ಸರ್ಕಾರದಿಂದ ಒಂದು ಕಾಸೂ ಕೇಳದೆ, ಖಾಲಿ ಬಿದ್ದಿದ್ದ ಪಶ್ಚಿಮಕ್ಕೆ ಹೋಗಿ ಸ್ವಂತ ರಟ್ಟೆಯಲ್ಲಿ ಬದುಕು ಕಟ್ಟಿಕೊಂಡರು. ನಮ್ಮವರು ಎಲ್ಲದಕ್ಕೂ ಕೈ ಚಾಚುತ್ತಾರೆ. ಹತ್ತು ಜನಕ್ಕೆ ಕಳಿಸಿ.”

ಶಿರಸಿ ಅತ್ತೆ ತಕ್ಷಣ ಕೈ ಮುಗಿದರು. “ನಿಜ ಅಣ್ಣಾ. ಈಗಿನ ಮಕ್ಕಳಿಗೆ ಹಾಸಿಗೆ ಮಡಚೋಕೂ ಬರಲ್ಲ.” ಮತ್ತಿಬ್ಬರು ಹೆಬ್ಬೆರಳು ಎತ್ತಿದರು.

ಏಳು ಗಂಟೆಗೆ ಭಾವ ಬಂದರು. ಬ್ಯಾಂಕಿನಲ್ಲಿ ಆಡಿಟ್ ಮಾಡಿ ನಿವೃತ್ತರಾದವರು. “ಇದರ ಮೂಲ ಯಾವುದು?”

ದೊಡ್ಡಪ್ಪ: “ಋಷಿಮೂಲ, ನದೀಮೂಲ ಕೇಳಬಾರದು ಅಂತಾರೆ.”

ಭಾವ: “ಫಾರ್ವರ್ಡ್ ಮೂಲ ಕೇಳಬಹುದು.”

ದೊಡ್ಡಪ್ಪ: “ನಾನು ಏನು ಹೇಳಿದರೂ ನಿಮ್ಮದು ಹೀಗೇ. ಮಾಣಿ ಉಪನಯನದಲ್ಲಿ ಎಲ್ಲರೆದುರು ನನ್ನ ಲೆಕ್ಕ ತಪ್ಪು ಅಂದಿರಿ.”

ಅಲ್ಲಿಂದ ಮುಂದೆ ಮೂವತ್ತು ಮೆಸೇಜು ಉಪನಯನದ ಅಡುಗೆಯವರ ಲೆಕ್ಕದ್ದೇ.

ನಾನು ಇರುವುದು ನೆಬ್ರಾಸ್ಕದ ಲಿಂಕನ್ ಊರಿನಲ್ಲಿ. ನಮ್ಮಲ್ಲಿ ಇನ್ನೂ ಶುಕ್ರವಾರ ರಾತ್ರಿ. ಆ ಫಾರ್ವರ್ಡ್ ನೋಡಿ ಸುಮ್ಮನಿರಲು ಆಗಲಿಲ್ಲ. ಅದು ಹೇಳುವ ನೆಲ ನನ್ನ ಮನೆಯಿಂದ ಒಂದು ಗಂಟೆಯ ದಾರಿ.

ಬರೆದೆ: “ದೊಡ್ಡಪ್ಪ, ಸರ್ಕಾರ ಏನೂ ಕೊಡಲಿಲ್ಲ ಅನ್ನೋದು ಸರಿಯಲ್ಲ. ಭೂಮಿ ಕೊಟ್ಟಿದ್ದೇ ಸರ್ಕಾರ. 1862ರಲ್ಲಿ ಅಧ್ಯಕ್ಷ ಲಿಂಕನ್ ಹೋಮ್‌ಸ್ಟೆಡ್ ಕಾಯ್ದೆಗೆ ಸಹಿ ಹಾಕಿದರು. ಒಬ್ಬರಿಗೆ 160 ಎಕರೆ. ಅರ್ಜಿ ಶುಲ್ಕ ಕಟ್ಟಿ, ಐದು ವರ್ಷ ಅಲ್ಲೇ ಇದ್ದು, ಮನೆ ಕಟ್ಟಿ, ಉತ್ತು ತೋರಿಸಿದರೆ ಹಕ್ಕುಪತ್ರ. ಹೀಗೆ ಸುಮಾರು 16 ಲಕ್ಷ ಅರ್ಜಿದಾರರಿಗೆ 27 ಕೋಟಿ ಎಕರೆ ಹೋಯಿತು. ರೈಲು ಕಂಪನಿಗಳಿಗೂ ಸರ್ಕಾರವೇ ಭೂಮಿ, ಸಾಲ ಎರಡೂ ಕೊಟ್ಟಿತು. ನಾನು ಎಂ.ಎಸ್. ಮಾಡಿದ ವಿಶ್ವವಿದ್ಯಾಲಯಕ್ಕೂ ಅದೇ ವರ್ಷದ ಇನ್ನೊಂದು ಕಾಯ್ದೆಯಿಂದ ಭೂಮಿ ಸಿಕ್ಕಿತ್ತು.”

ಇದನ್ನು ಯಾರೂ ಓದಿದಂತೆ ಕಾಣಲಿಲ್ಲ. ಅಷ್ಟರಲ್ಲಿ ಪುಟ್ಟಣ್ಣ ಎದ್ದಿದ್ದ. “ಗಾಡಿ ನೋಡಿ ನೆನಪಾಯ್ತು. ಸಾಗರದ ಟಾಕೀಸಲ್ಲಿ ಕೌಬಾಯ್ ಸಿನಿಮಾ ನೋಡಿ ಬಂದು ಹಾಳೆ ಟೊಪ್ಪಿ ಹಾಕ್ಕೊಂಡು ಆಡ್ತಿದ್ವಲ್ಲ! ಅಡಿಕೆ ಹಾಳೆ ಮೇಲೆ ಒಬ್ಬರನ್ನ ಕೂರಿಸಿ ಅಂಗಳದ ತುಂಬ ಎಳೆಯೋದು. ಅದೇ ನಮ್ಮ ಗಾಡಿ.”

ಅಕ್ಕ: “ಹೌದು. ಯಾವಾಗಲೂ ನನ್ನನ್ನೇ ರೆಡ್ ಇಂಡಿಯನ್ ಮಾಡಿ ಪೇರಲೆ ಮರಕ್ಕೆ ಕಟ್ತಿದ್ರಿ. ಒಂದ್ಸಲ ಊಟದ ಹೊತ್ತಾದರೂ ಬಿಚ್ಚಲಿಲ್ಲ.”

ಪುಟ್ಟಣ್ಣ: “ನೀನೇ ಚಿಕ್ಕವಳಲ್ವಾ.”

ಅಕ್ಕ ಹೇಳಿದ್ದು ನನಗೆ ಬಹಳ ಹೊತ್ತು ಮನಸ್ಸಿನಲ್ಲಿ ಉಳಿಯಿತು. ಅಡಿಕೆ ತೋಟದ ಮಕ್ಕಳಾದ ನಮಗೂ ಯಾರು ಟೊಪ್ಪಿ ಹಾಕಬೇಕು, ಯಾರು ಮರಕ್ಕೆ ಕಟ್ಟಿಸಿಕೊಳ್ಳಬೇಕು ಅಂತ ಗೊತ್ತಿತ್ತು. ಅಮೆರಿಕದವರು ತಮ್ಮ ಬಗ್ಗೆ ಹೇಳಿಕೊಂಡ ಕತೆ ಅಷ್ಟು ದೂರ ಬಂದಿತ್ತು. ಆ ಸಿನಿಮಾಗಳ ಕೌಬಾಯ್ ಬಹುಮಟ್ಟಿಗೆ ಬಿಳಿಯ. ನಿಜದಲ್ಲಿ ದನ ಹೊಡೆದುಕೊಂಡು ಹೋದವರಲ್ಲಿ ಕಪ್ಪು ಜನ, ಮೆಕ್ಸಿಕೋದವರು ಎಷ್ಟೋ ಮಂದಿ ಇದ್ದರು. ರ‍್ಯಾಂಚ್, ರೋಡಿಯೋ, ಲಾಸೋ ಎಲ್ಲ ಸ್ಪ್ಯಾನಿಷ್‌ನಿಂದ ಬಂದ ಮಾತುಗಳು.

ಭಾವ ಮತ್ತೆ ಕೇಳಿದರು: “ಈ ‘ಸ್ವಂತ ರಟ್ಟೆ’ ಮಾತು ಮೊದಲು ಶುರು ಮಾಡಿದ್ದು ಯಾರು?”

ಕತೆ ಹಳೆಯದೇ. ಆದರೆ ಅದನ್ನು ಇತಿಹಾಸದ ವಾದವಾಗಿ ನಿಲ್ಲಿಸಿದವರು ಅಮೆರಿಕದ ಇತಿಹಾಸಕಾರ ಫ್ರೆಡರಿಕ್ ಜಾಕ್ಸನ್ ಟರ್ನರ್. ದೊಡ್ಡಪ್ಪನಿಗೆ ವಿವೇಕಾನಂದರ ಮೇಲೆ ಬಹಳ ಭಕ್ತಿ. ಹಾಗಾಗಿ ಅಲ್ಲಿಂದಲೇ ಬರೆದೆ. “1893ರ ಸೆಪ್ಟೆಂಬರ್ 11ಕ್ಕೆ ವಿವೇಕಾನಂದರು ಷಿಕಾಗೋದಲ್ಲಿ ಮಾತಾಡಿದರಲ್ಲ, ಅದೇ ವಿಶ್ವಮೇಳ. ಅದಕ್ಕೆ ಎರಡು ತಿಂಗಳ ಮೊದಲು, ಜುಲೈ 12ಕ್ಕೆ, ವಿವೇಕಾನಂದರು ಮಾತಾಡಿದ ಕಟ್ಟಡದಲ್ಲೇ 31 ವರ್ಷದ ಟರ್ನರ್ ಒಂದು ಪ್ರಬಂಧ ಓದಿದರು. ಅವರು ಹೇಳಿದ ಫ್ರಾಂಟಿಯರ್ ಎರಡು ದೇಶಗಳ ಗಡಿ ಅಲ್ಲ. ಬಿಳಿಯರ ಊರು ಮುಗಿದು ಬಯಲು, ಕಾಡು ಶುರುವಾಗುವ ಅಂಚು. ಚದರ ಮೈಲಿಗೆ ಇಬ್ಬರಿಗಿಂತ ಕಡಿಮೆ ಜನ ಇರುವ ಕಡೆ. ಯುರೋಪಿನಿಂದ ಬಂದವನನ್ನು ಅಮೆರಿಕದವನನ್ನಾಗಿ ಮಾಡಿದ್ದು ಆ ಅಂಚೇ, ಅಲ್ಲಿಂದಲೇ ಅವರ ಪ್ರಜಾಪ್ರಭುತ್ವ, ಯಾರಿಗೂ ತಲೆಬಾಗದ ಸ್ವಭಾವ ಬೆಳೆಯಿತು ಅಂತ ಅವರ ವಾದ. ಅಂಥ ಅಂಚು ಇನ್ನಿಲ್ಲ ಅಂತ 1890ರ ಜನಗಣತಿ ಹೇಳಿತ್ತು. ಅವರಿಗೆ ಅದೇ ಚಿಂತೆ. ಮೇಳದ ಪಕ್ಕದಲ್ಲೇ ಬಫಲೋ ಬಿಲ್ ಅನ್ನೋ ಆಟದ ಕಂಪನಿಯವನು ಕುದುರೆ, ಬಂದೂಕು, ನಿಜವಾದ ಲಕೋಟ ಬುಡಕಟ್ಟಿನ ಜನರನ್ನಿಟ್ಟುಕೊಂಡು ಅದೇ ಪಶ್ಚಿಮದ ಆಟ ಆಡಿಸುತ್ತಿದ್ದ.”

ಅಂಚು ಮುಗಿದರೂ ಕತೆ ಮುಗಿಯಲಿಲ್ಲ. 1960ರಲ್ಲಿ ಕೆನಡಿ ಚುನಾವಣೆಗೆ ನಿಂತಾಗ ಅವರ ಘೋಷಣೆಯೇ ‘ಹೊಸ ಫ್ರಾಂಟಿಯರ್’.

ದೊಡ್ಡಪ್ಪ ಈಗ ಉತ್ತರ ಕೊಟ್ಟರು. ವಿಷಯ ಅಲ್ಲಿಗೆ ಹೋಗುತ್ತದೆ ಅಂತ ನಾನು ಎಣಿಸಿರಲಿಲ್ಲ. “ಕೂಸೇ, ನೀನು ಓದಿದವಳು. ಆದರೆ ಲಿಂಗನಮಕ್ಕಿ ನೀರು ಬಂದಾಗ ನಾನು ಒಂಬತ್ತು ವರ್ಷದವ. ಹೊಳೆಸಾಲಿನ ತೋಟ ಬಿಟ್ಟು ಲಾರಿ ಹತ್ತಿದ್ವಿ. ಕಾಡು ತೋರಿಸಿ ಇಲ್ಲಿರಿ ಅಂದರು. ಮಟ್ಟಿ ಕಡಿದು, ಅಗಳ ತೋಡಿ, ಸಸಿ ನೆಟ್ಟು ತೋಟ ಎಬ್ಬಿಸಿದ್ದು ಅಪ್ಪ. ಯಾರು ಸಹಾಯ ಮಾಡಿದರು?”

ಆಗ ಅರ್ಥವಾಯಿತು. ಅವರು ಕಳಿಸಿದ ಗಾಡಿಯಲ್ಲಿ ಕೂತಿದ್ದು ಅಜ್ಜ.

ಅದರ ಹಿಂದೆಯೇ ಅತ್ತೆ: “ಆ ತೋಟದ ಕೆಳಗಿನ ತುಂಡು ಮಾರಿದ್ದು ಯಾರು ಅಂತಲೂ ಹೇಳು ಅಣ್ಣಾ.” ಅರ್ಧ ಗಂಟೆ ಅದೇ. ಇಬ್ಬರು ಗುಂಪು ಬಿಟ್ಟರು, ಒಬ್ಬರನ್ನು ಪುಟ್ಟಣ್ಣ ವಾಪಸ್ ಸೇರಿಸಿದ.

ನಾನು ಕಾದು ಬರೆದೆ. “ದೊಡ್ಡಪ್ಪ, ಅಜ್ಜನ ದುಡಿಮೆ ಸುಳ್ಳಲ್ಲ. ಇಲ್ಲಿಯವರದ್ದೂ ಸುಳ್ಳಲ್ಲ. ಇಲ್ಲಿ ಬಯಲಲ್ಲಿ ಮರವೇ ಇರಲಿಲ್ಲ. ಹುಲ್ಲಿನ ಬೇರು ಸಮೇತ ಮಣ್ಣಿನ ಹೆಂಟೆ ಕತ್ತರಿಸಿ ಗೋಡೆ ಕಟ್ಟಿದರು. ಮಳೆ ಬಂದರೆ ಮಾಡಿನಿಂದ ಕೆಸರು ಸುರಿಯುತ್ತಿತ್ತು. ಒಲೆಗೆ ಬಯಲಲ್ಲಿ ಬಿದ್ದು ಒಣಗಿದ ಬೈಸನ್ ಸಗಣಿ, ನಮ್ಮ ಬೆರಣಿ ಹಾಗೆ. ಕಣದ ಕೆಲಸಕ್ಕೆ, ಕೊಟ್ಟಿಗೆ ಎಬ್ಬಿಸೋಕೆ ಸುತ್ತಲಿನವರೆಲ್ಲ ಬರುತ್ತಿದ್ದರು. ಅಜ್ಜನಿಗೂ ಮುಯ್ಯಾಳಿಗೆ ಎಷ್ಟು ಜನ ಬಂದಿದ್ದರು ಅಂತ ನೀವೇ ಹೇಳಿದ್ದಿರಿ. ‘ಯಾರ ಸಹಾಯವೂ ಇಲ್ಲದೆ’ ಅನ್ನೋದು ಆ ಜನಕ್ಕೂ ಅನ್ಯಾಯ.

“ಇನ್ನು ‘ಖಾಲಿ’ ಅನ್ನೋ ಮಾತು. ಇಲ್ಲಿ ನೆಬ್ರಾಸ್ಕದ ಬಿಯಾಟ್ರಿಸ್ ಊರಿನ ಹತ್ತಿರ ಮೊದಲ ಹೋಮ್‌ಸ್ಟೆಡ್ ಭೂಮಿ ಇದೆ. 1863ರ ಜನವರಿ 1ಕ್ಕೆ ಡೇನಿಯಲ್ ಫ್ರೀಮನ್ ಅರ್ಜಿ ಹಾಕಿದ ಜಾಗ. ಅಲ್ಲಿ ಒಂದು ಸಾಲು ಲೋಹದ ತಗಡುಗಳನ್ನು ನಿಲ್ಲಿಸಿದ್ದಾರೆ. ಹೋಮ್‌ಸ್ಟೆಡ್ ಭೂಮಿ ಹಂಚಿದ ಪ್ರತಿ ರಾಜ್ಯದ ಆಕಾರದಲ್ಲಿ ಒಂದೊಂದು ತಗಡು. ಆ ರಾಜ್ಯದ ಎಷ್ಟು ಭೂಮಿ ಹೀಗೆ ಹಂಚಿಹೋಯಿತೋ ಅಷ್ಟು ತೂತು. ನೆಬ್ರಾಸ್ಕದ್ದು ಶೇ 45. ಮಗಳು ಅದರೊಳಗೆ ಕೈ ತೂರಿಸಿ, ಇಲ್ಲಿ ಮೊದಲು ಯಾರಿದ್ದರಮ್ಮ ಅಂದಳು. ಓಟೊ–ಮಿಸೌರಿಯಾ ಬುಡಕಟ್ಟಿನ ಜನ ಇದ್ದರು. ಅವರನ್ನು 1881ರಲ್ಲಿ ಓಕ್ಲಹೋಮಕ್ಕೆ ಕಳಿಸಿದರು. ಅವರದ್ದೂ ಮುಳುಗಡೆಯೇ ದೊಡ್ಡಪ್ಪ, ನೀರಿಲ್ಲದ ಮುಳುಗಡೆ. ನಮ್ಮನೆಯವರು ಗಾಡಿಯವರ ಕಡೆಯೂ ಹೌದು, ಎದ್ದು ಹೋಗಿ ಅನ್ನಿಸಿಕೊಂಡವರ ಕಡೆಯೂ ಹೌದು. ಅದಕ್ಕೇ ಈ ಫಾರ್ವರ್ಡ್ ನಮ್ಮ ಗುಂಪಿನಿಂದ ಮುಂದೆ ಹೋಗಬಾರದು ಅಂತ ನನ್ನ ಆಸೆ.”

ಅಕ್ಕ ಒಂದು ಹೃದಯ ಹಾಕಿದಳು. ಪುಟ್ಟಣ್ಣ ಪೇರಲೆ ಮರದ ಹಳೆಯ ಫೋಟೋ ಹುಡುಕುತ್ತಿದ್ದ.

ದೊಡ್ಡಪ್ಪ ಇಡೀ ದಿನ ಮಾತಾಡಲಿಲ್ಲ. ಮರುದಿನ ಅದೇ 5:40ಕ್ಕೆ ಒಂದೇ ಸಾಲು ಬಂತು: “ಅವರಿಗೆ ಹಕ್ಕುಪತ್ರ ಸಿಕ್ಕಿತಾ?”

ಅಜ್ಜ ಆ ಒಂದು ಕಾಗದಕ್ಕಾಗಿ ಎಷ್ಟು ವರ್ಷ ಅಲೆದಿದ್ದರು ಅಂತ ನಮಗೆಲ್ಲ ಗೊತ್ತು. ತಡಮಾಡದೆ ಬರೆದೆ: “1887ರ ಡಾಸ್ ಕಾಯ್ದೆಯಲ್ಲಿ ಬುಡಕಟ್ಟುಗಳ ಭೂಮಿ ತುಂಡು ಮಾಡಿ ಒಬ್ಬೊಬ್ಬರ ಹೆಸರಿಗೆ ಬರೆದರು. ಮಿಕ್ಕಿದ್ದನ್ನು ಹೆಚ್ಚುವರಿ ಅಂತ ಹೇಳಿ ಹೊರಗಿನವರಿಗೆ ಬಿಟ್ಟರು. ದೇಶದಲ್ಲಿ ಎಲ್ಲ ಬುಡಕಟ್ಟುಗಳ ಕೈಯಲ್ಲಿದ್ದ ಸುಮಾರು 13.8 ಕೋಟಿ ಎಕರೆ 1934ರ ಹೊತ್ತಿಗೆ 4.8 ಕೋಟಿಗೆ ಬಂತು.”

ಏಳು ಗಂಟೆಗೆ ಭಾವ: “ಇದರ ಮೂಲ?”

ಕಳಿಸಿದೆ.